ಘಟ್ಟದಿಂದ ದೂರ ಸರಿದಂತೆ ಕರಗುವ ಮಳೆ

ಹಾಸನ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ಧನುರ್ಮಾಸದ ಬೆಳಗಿನಲ್ಲಿ ಮಂಜು ಕವಿದು ಎದುರಿನ ಬಸ್ಸೇ ಕಾಣದಾದಾಗ ಹಾಸನಕ್ಕೆ ‘ಬಡವರ ಊಟಿ’ ಎಂಬ ಹೆಸರು ಒಪ್ಪುತ್ತದೆ, ಅಷ್ಟೇ. ಇಲ್ಲಿನ ಊರುಗಳನ್ನು ಒಂದರಿಂದ ಒಂದು ಬೇರೆ ಮಾಡಿರುವುದು ಚಳಿಯಲ್ಲ, ಮಳೆ.

ಆಷಾಢದಲ್ಲಿ ಸಕಲೇಶಪುರದಿಂದ ಪೂರ್ವಕ್ಕೆ ಹೊರಟರೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಜಡಿಮಳೆ, ಹಾಸನದಲ್ಲಿ ಸೋನೆ, ಚನ್ನರಾಯಪಟ್ಟಣದಲ್ಲಿ ಬರೀ ಗಾಳಿ. ದೂರ ಸುಮಾರು 80 ಕಿ.ಮೀ. ಮಾತ್ರ. ಅರಬ್ಬಿ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣಿದು ಮಳೆಯಾಗಿ ಸುರಿಯುತ್ತದೆ; ಆಚೆ ದಾಟುವಾಗ ಅದರಲ್ಲಿ ಉಳಿಯುವ ತೇವ ಕಡಿಮೆ. ಹೀಗಾಗಿ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುವ ಮಳೆ ಚನ್ನರಾಯಪಟ್ಟಣದಲ್ಲಿ ಅದರ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಹಿಮಕ್ಕೂ ಇದೇ ಲೆಕ್ಕ. ಲೇಹ್ ಶ್ರೀನಗರಕ್ಕಿಂತ ಎಷ್ಟೋ ಹೆಚ್ಚು ಚಳಿಯ ಊರು, ಆದರೂ ಹಿಮಾಲಯದ ಮರೆಯಲ್ಲಿರುವ ಕಾರಣ ಅಲ್ಲಿ ಬೀಳುವ ಹಿಮ ಕಡಿಮೆ.

ಹಾಸನದ ಸುತ್ತ ಮುಂಗಾರಿನ ಆಲೂಗಡ್ಡೆಗೆ ಹದ ಮಳೆ ಬೇಕು. ಮೋಡ ಕವಿದು ಸೋನೆ ಬಿಡದೆ ಹಿಡಿದರೆ ಅಂಗಮಾರಿ ಬಂದು ಎಲೆ ಕರಕಾಗುತ್ತದೆ, ರೈತನ ಬಿತ್ತನೆ ಗೆಡ್ಡೆಯ ಸಾಲ ಉಳಿಯುತ್ತದೆ. ಅರಕಲಗೂಡಿನವರು ಮೇ ತಿಂಗಳ ಗುಡುಗು ಮಳೆಯನ್ನು ನಂಬಿ ಹೊಗೆಸೊಪ್ಪಿನ ಸಸಿ ನೆಡುತ್ತಾರೆ. ಬೆಳೆ ಕೈಗೆ ಬಂದರೆ ರಾಮನಾಥಪುರದ ಹರಾಜು ಕಟ್ಟೆಗೆ ಹೋಗುತ್ತದೆ. ಅದೇ ತಾಲ್ಲೂಕಿನ ಕೊಣನೂರು, ರಾಮನಾಥಪುರದ ಕಡೆ ಕಾವೇರಿ ಹರಿಯುತ್ತಾಳೆ. ಕೊಡಗಿನಲ್ಲಿ ಸುರಿದ ಮಳೆ ಇಲ್ಲಿ ಕಟ್ಟೆ, ಕಾಲುವೆಗಳ ನೀರಾಗಿ ಗದ್ದೆಗೆ ಬರುತ್ತದೆ.

ಹೊಳೆನರಸೀಪುರದ ಭಾಗ್ಯವೂ ಇಂಥದೇ. ಮಳೆಯಲ್ಲಿ ಅದು ಬಯಲುಸೀಮೆಗೆ ಹತ್ತಿರ, ಆದರೆ ಊರಿನ ಪಕ್ಕದಲ್ಲೇ ಹೇಮಾವತಿ. ಮೂಡಿಗೆರೆ, ಸಕಲೇಶಪುರದ ಕಡೆ ಸುರಿದದ್ದು ಗೊರೂರು ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ಇತ್ತ ಹರಿದು ಬರುತ್ತದೆ. ಇಲ್ಲಿನ ಬತ್ತದ ಗದ್ದೆಯವರು ತಮ್ಮೂರಿನ ಮೋಡಕ್ಕಿಂತ ಗೊರೂರಿನ ನೀರಿನ ಮಟ್ಟವನ್ನೇ ಹೆಚ್ಚು ವಿಚಾರಿಸುವುದರಲ್ಲಿ ಆಶ್ಚರ್ಯವಿಲ್ಲ.

ಚನ್ನರಾಯಪಟ್ಟಣಕ್ಕೆ ಹೊಳೆಯ ಆಸರೆ ಹಾಗಿಲ್ಲ. ತೆಂಗು, ರಾಗಿಯ ನಾಡು ಅದು. ತುಮಕೂರಿನತ್ತ ಸಾಗುವ ಹೇಮಾವತಿಯ ನೀರು ಇದೇ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ಹಾದು ಹೋಗುತ್ತದೆ, ಆದರೂ ಎತ್ತರದ ಹೊಲಗಳಿಗೆ ಮಳೆಯೇ ಗತಿ. ಆದ್ದರಿಂದ ಜಿಲ್ಲೆಯ ಸರಾಸರಿ ಮಳೆ ಹೇಳಿ ‘ಈ ವರ್ಷ ಕೊರತೆಯಿಲ್ಲ’ ಎನ್ನುವುದು ಈ ತಾಲ್ಲೂಕಿಗೆ ಮಾಡುವ ಅನ್ಯಾಯ. ಆ ಸರಾಸರಿಯನ್ನು ಎತ್ತಿ ಹಿಡಿದಿರುವುದು ಸಕಲೇಶಪುರದ ಮಳೆ. ಗ್ರಾಮ ಪಂಚಾಯಿತಿಗಳಲ್ಲಿ ಈಗ ಮಳೆಮಾಪಕಗಳಿವೆ, ನೋಡಬೇಕಾದದ್ದು ಅವುಗಳ ಅಂಕಿ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನದ್ದು. ಆಷಾಢದಲ್ಲಿ ಘಟ್ಟದ ಮೇಲೆ ಎಷ್ಟೇ ಸುರಿದಿರಲಿ, ಇಲ್ಲಿನ ರಾಗಿ ತೆನೆ ಕಟ್ಟುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬಂದರೆ ಮಾತ್ರ.