ಓದಲು ಹೊರಟ ತಾಯಿಯ ಕೂಸು ಎಲ್ಲಿರಬೇಕು?

ಮುಂಬಯಿಗೆ ಬಂದ ನಮ್ಮ ಹಿರಿಯರ ಪೈಕಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು. ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗಳ ಮಾತೆತ್ತಿದರೆ ಇಂದಿಗೂ ಎಷ್ಟೋ ಮಂದಿಯ ಮುಖ ಅರಳುತ್ತದೆ. ಆ ಕಥೆಯನ್ನು ನಾವು ಅಭಿಮಾನದಿಂದ ವೇದಿಕೆಯ ಮೇಲೆ ಹೇಳಿಕೊಳ್ಳುತ್ತೇವೆ. ಆದರೆ ಅದೇ ಮನೆಗಳಿಗೆ ಸೊಸೆಯರಾಗಿ ಬಂದು, ಮದುವೆಯಿಂದಾಗಿ ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಲು ಹೊರಟ ಹೆಣ್ಣುಮಕ್ಕಳಿಗೆ ಎದುರಾಗುವ ಮೊದಲ ಪ್ರಶ್ನೆ, 'ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?' ಎಂಬುದು. ರಾತ್ರಿಶಾಲೆಗೆ ಹೊರಟ ಗಂಡಸನ್ನು ಯಾರೂ ಹಾಗೆ ಕೇಳಿರಲಾರರು. ಪ್ರಶ್ನೆಯೇನೋ ನ್ಯಾಯವಾದದ್ದೇ, ಅದಕ್ಕೆ ಉತ್ತರ ಹುಡುಕುವ ಹೊಣೆ ತಾಯಿಯೊಬ್ಬಳದೇ ಎಂಬ ಭಾವನೆ ಮಾತ್ರ ನ್ಯಾಯವಾದುದಲ್ಲ.

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕುಂದಾಪುರದ ಕಡೆಯಿಂದ ಡೊಂಬಿವಲಿಗೆ ಬಂದು ನೆಲೆಸಿದ ಒಬ್ಬಾಕೆ, ನನಗೆ ಪರಿಚಿತಳು, ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ದಾದರಿನ ಕಾಲೇಜೊಂದರಲ್ಲಿ ಬಿ.ಎಡ್. ತರಗತಿಗೆ ಸೇರಿದಳು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಮೇರೆಗೆ ಆಕೆ ಸೇರಿದ್ದು ಎರಡು ವರ್ಷಗಳ ಶಿಕ್ಷಣಕ್ಕೆ. ತರಗತಿಗಳಲ್ಲಿ ನೂರಕ್ಕೆ 80, ಶಾಲೆಗಳಲ್ಲಿ ನಡೆಸುವ ಪಾಠಾಭ್ಯಾಸದಲ್ಲಿ ನೂರಕ್ಕೆ 90 ಹಾಜರಿ ಕಡ್ಡಾಯ. ಮನೆಯಲ್ಲಿ ಕುಳಿತು ಪುಸ್ತಕ ಓದಿ ಪರೀಕ್ಷೆಗೆ ಕೂಡುವ ಅವಕಾಶ ಇದರಲ್ಲಿಲ್ಲ. ಹತ್ತೂವರೆಯ ತರಗತಿಗಾಗಿ ಆಕೆ ಮನೆ ಬಿಡುತ್ತಿದ್ದುದು ಎಂಟೂ ಮುಕ್ಕಾಲಿಗೆ. ಫಾಸ್ಟ್ ಲೋಕಲ್ ಗಾಡಿಯಲ್ಲಿ ಸುಮಾರು ಒಂದು ಗಂಟೆ. ಹತ್ತಲಾಗದೆ ಬಿಟ್ಟ ಗಾಡಿಯ ಲೆಕ್ಕ ಬೇರೆ. ನಾಲ್ಕೂವರೆಗೆ ತರಗತಿ ಮುಗಿಸಿ ಮನೆ ಮುಟ್ಟುವಾಗ ಆರೂ ಕಾಲು. ಎಂದರೆ ಕಲಿಕೆ ಆರು ಗಂಟೆಯದಾದರೂ ಮಗು ತಾಯಿಯಿಂದ ದೂರವಿರುವುದು ಒಂಬತ್ತೂವರೆ ಗಂಟೆ. ವ್ಯವಸ್ಥೆ ಮಾಡಬೇಕಾದದ್ದು ಈ ಒಂಬತ್ತೂವರೆ ಗಂಟೆಗೆ, ಕಾಲೇಜಿನ ವೇಳಾಪಟ್ಟಿಗಲ್ಲ.

ಮಗುವನ್ನು ಎರಡು ವರ್ಷ ಊರಿನಲ್ಲಿ ಅಜ್ಜಿಯ ಬಳಿ ಬಿಡುವುದು ನಮ್ಮವರಿಗೆ ಮೊದಲು ಹೊಳೆಯುವ ಉಪಾಯ. ಅನಿವಾರ್ಯವಾದ ಮನೆಗಳನ್ನು ನಾನು ದೂರಲಾರೆ. ಆದರೂ ಒಂದರಿಂದ ಮೂರು ವರ್ಷದ ಪ್ರಾಯದಲ್ಲಿ ಮಗು ತನ್ನವರೆಂದು ಅಂಟಿಕೊಳ್ಳುವುದು ದಿನವೂ ಎತ್ತಿ, ಉಣಿಸಿ, ಮಲಗಿಸುವ ಕೈಗಳಿಗೆ. ಸಂಜೆ ತಪ್ಪದೆ ಮರಳುವ ತಾಯಿಯನ್ನು ಹಗಲಲ್ಲಿ ಕಾಣದಿರುವುದಕ್ಕೂ, ತಿಂಗಳುಗಟ್ಟಲೆ ಕಾಣದಿರುವುದಕ್ಕೂ ಬಹಳ ಅಂತರವಿದೆ. ಅಜ್ಜಿಯನ್ನೇ ಮುಂಬಯಿಗೆ ಕರೆಸುವುದು ಇದಕ್ಕಿಂತ ಮೇಲು. ಆದರೆ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಾಳಿಗೆ, ಮಂಡಿನೋವು, ರಕ್ತದೊತ್ತಡ, ಭಾಷೆ ಬಾರದ ಬೀದಿ, ಇವುಗಳ ನಡುವೆ ಓಡುವ ಕೂಸಿನ ಹಿಂದೆ ಒಂಬತ್ತು ಗಂಟೆ ಓಡುವುದು ಅರುವತ್ತೈದರ ಹೆಂಗಸಿಗೆ ಸಣ್ಣ ಕೆಲಸವಲ್ಲ. ಅರ್ಧ ದಿನ ಅಜ್ಜಿ, ಅರ್ಧ ದಿನ ಪಾಳಣಾಘರ ಎಂಬ ಹೊಂದಾಣಿಕೆ ಎಷ್ಟೋ ಮನೆಗಳಲ್ಲಿ ಚೆನ್ನಾಗಿ ನಡೆದಿದೆ.

ಪಾಳಣಾಘರವೆಂಬ ಈ ಮರಾಠಿ ಶಬ್ದ ನಮ್ಮ ಮನೆಮಾತಿನಲ್ಲಿ ಸೇರಿಹೋಗಿದೆ. ಈ ಪ್ರಾಂತವು ಮಕ್ಕಳ ಪಾಲನೆಗೆ ಕೊಟ್ಟ ಶಬ್ದ ಅದೊಂದೇ ಅಲ್ಲ. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಅನುತಾಯಿ ವಾಘರ ಜೊತೆಗೂಡಿ ಬಡಮಕ್ಕಳಿಗಾಗಿ ಬಾಲವಾಡಿ ತೆರೆದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬ ಅವರ ವಿಚಾರದಿಂದ ಅಂಗನವಾಡಿಯ ಕಲ್ಪನೆ ಬೆಳೆಯಿತು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅದನ್ನು ದೇಶವ್ಯಾಪಿ ಮಾಡಿತು. ಆದರೆ ಕೆಲವೇ ಗಂಟೆ ತೆರೆದಿರುವ ಸಾಮಾನ್ಯ ಅಂಗನವಾಡಿಯಿಂದ ದಾದರಿಗೆ ಹೋಗಿಬರುವ ತಾಯಿಯ ಸಮಸ್ಯೆ ಬಗೆಹರಿಯದು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿದ್ದು ನೌಕರಿಯ ತಾಯಂದಿರಿಗಾಗಿ. ವಿದ್ಯಾರ್ಥಿನಿ ಅದರಡಿ ಬರುವುದಿಲ್ಲ. 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ವಿದ್ಯಾರ್ಥಿನಿಯರ ಹೆರಿಗೆ ರಜೆ ಮತ್ತು ಹಾಜರಿಯ ರಿಯಾಯಿತಿಗೆ ನಿಯಮ ಮಾಡಿಕೊಳ್ಳಿರೆಂದು ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. ಹೆರಿಗೆಯ ಮಟ್ಟಿಗೆ ಅದು ಉಪಕಾರವೇ. ನಡೆಯುವ ಕೂಸಿನ ತಾಯಿಗೆ ಅದರಿಂದೇನೂ ಆಗದು.

ಹೀಗಾಗಿ ಕೊನೆಗೆ ಉಳಿಯುವುದು ಬಡಾವಣೆಯ ಖಾಸಗಿ ಪಾಳಣಾಘರ. ಅದು ಕಾಲೇಜಿನ ಸಮೀಪವಿರಬೇಕೋ ಮನೆಯ ಸಮೀಪವೋ? ಮನೆಯ ಸಮೀಪವೇ ಇರಲಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಬೆಳಗಿನ ನೂಕುನುಗ್ಗಲಿನಲ್ಲಿ ಕೂಸನ್ನು ಗಾಡಿ ಹತ್ತಿಸುವುದೇ ಅಪಾಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಗಾಡಿಗಳು ನಿಂತಾಗ, ಸಾವಿರಾರು ಜನ ಮನೆ ಸೇರಿದ್ದು ಮರುದಿನ. 2017ರ ಆಗಸ್ಟ್ 29ರಂದೂ ಗಾಡಿಗಳು ನಿಂತವು. ಅಂಥ ರಾತ್ರಿ ಮಗು ಪರಿಚಿತರ ನಡುವೆ ಇದ್ದರೆ ತಾಯಿ ನಿಲ್ದಾಣದಲ್ಲಿ ಕುಳಿತಾದರೂ ಉಸಿರಾಡಬಹುದು. ಆದುದರಿಂದ ನಡೆದು ಹೋಗುವಷ್ಟು ದೂರದಲ್ಲಿರುವ, ಲೋಕಲ್ ಗಾಡಿಯನ್ನು ಅವಲಂಬಿಸದ ಇಬ್ಬರ ಹೆಸರು, ಭಾವಚಿತ್ರ, ದೂರವಾಣಿ ಸಂಖ್ಯೆಗಳನ್ನು ಮೊದಲ ದಿನವೇ ಪಾಳಣಾಘರದಲ್ಲಿ ಬರೆಸಿಡಬೇಕು. ಆ ಇಬ್ಬರ ಮುಖ ಮಗುವಿಗೂ ಗುರುತಿರಬೇಕು. ಸಂಘದಲ್ಲಿ ನೂರಾರು ಸದಸ್ಯರಿದ್ದೂ ಮಳೆಯ ಸಂಜೆ ಒಂದು ಮಗುವನ್ನು ಕರೆತರುವವರಿಲ್ಲವೆಂದರೆ ನಮ್ಮ ಸಂಘಟನೆಗೆ ಶೋಭೆಯಲ್ಲ.

ಪಾಳಣಾಘರವನ್ನು ನೋಡಲು ಹೋಗುವವರು ಗೋಡೆಯ ಚಿತ್ರಗಳನ್ನು ನೋಡಿ ಮರುಳಾಗಬಾರದು. ಹೇಳದೆ ಕೇಳದೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಎಷ್ಟು ಕೂಸುಗಳಿಗೆ ಎಷ್ಟು ಮಂದಿ ಹೆಂಗಸರಿದ್ದಾರೆ, ಬಟ್ಟೆ ಬದಲಿಸಿದ ಕೈಯನ್ನು ಸಾಬೂನಿನಿಂದ ತೊಳೆದು ಅನ್ನಕ್ಕೆ ಕೈಹಾಕುತ್ತಾರೋ ಇಲ್ಲವೋ, ಬಾಲ್ಕನಿಗೆ ಸರಳುಗಳಿವೆಯೋ, ಬಚ್ಚಲಿನಲ್ಲಿ ನೀರು ತುಂಬಿದ ಬಕೆಟ್ ತೆರೆದಿದೆಯೋ ನೋಡಿ. ಅರ್ಧ ಬಕೆಟ್ ನೀರೂ ಈ ವಯಸ್ಸಿನ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು. ಇಡೀ ಕಡಲೆಬೀಜ, ಹುರಿಗಡಲೆ, ದ್ರಾಕ್ಷಿ ಕೊಡಬಾರದೆಂದು ಸ್ಪಷ್ಟವಾಗಿ ಹೇಳಿ. ಅವು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ, ಎಬ್ಬಿಸಿದರೂ ಏಳದಷ್ಟು ಗಾಢವಾಗಿ ಮಲಗಿದ್ದರೆ ಸಂಶಯಪಡಿ. ಮಂಪರು ತರುವ ಸಿರಪ್ಪಿನ ಬಾಟಲಿ ಪಾಳಣಾಘರದಲ್ಲಿ ಇರಲೇಕೂಡದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ.

ಸೇರಿಸಿದ ಮೊದಲ ತಿಂಗಳುಗಳಲ್ಲಿ ನೆಗಡಿ, ಕೆಮ್ಮು, ಭೇದಿ ಒಂದರ ಹಿಂದೊಂದು ಬರುತ್ತವೆ. ಮನೆಯಲ್ಲೇ ಬೆಳೆಯುವ ಕೂಸಿಗೂ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಹಜ. ಹತ್ತು ಮಕ್ಕಳ ನಡುವೆ ಇನ್ನಷ್ಟು. ದಡಾರ ಮತ್ತು ರುಬೆಲ್ಲಾ ಚುಚ್ಚುಮದ್ದಿನ ಎರಡನೆಯ ವರಸೆಯೂ, ಡಿ.ಪಿ.ಟಿ.ಯ ಮೊದಲ ಬೂಸ್ಟರೂ 16ರಿಂದ 24 ತಿಂಗಳೊಳಗೆ ಆಗಬೇಕಾದವು. ಕಾಲೇಜಿನ ಪ್ರವೇಶದ ಗಡಿಬಿಡಿಯಲ್ಲಿ ಇವು ತಪ್ಪದಿರಲಿ. ಜ್ವರವಿರುವ ಮಗುವನ್ನು ಬೆಳಿಗ್ಗೆ ಔಷಧ ಕುಡಿಸಿ, ಮೈ ತಣ್ಣಗಾದೊಡನೆ ಬಿಟ್ಟುಹೋಗುವುದು ಉಳಿದ ಮಕ್ಕಳಿಗೆ ಮಾಡುವ ಅನ್ಯಾಯ. ನೂರಕ್ಕೆ 20ರಷ್ಟು ಗೈರುಹಾಜರಿಯ ಅವಕಾಶವನ್ನು ಸಿನಿಮಾಕ್ಕೂ ಸೀಮಂತಕ್ಕೂ ವ್ಯಯಿಸದೆ ಇಂಥ ದಿನಗಳಿಗಾಗಿ ಕಾಯ್ದಿರಿಸಬೇಕು. ಮೊಲೆಯುಣ್ಣುವ ಕೂಸಾದರೆ ಬಿಡಿಸುವ ಅವಸರ ಬೇಡ. ಎರಡು ವರ್ಷ ಮತ್ತು ಅದರಾಚೆಗೂ ಕೊಡಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಳಿಗ್ಗೆ ಹೊರಡುವ ಮುನ್ನ, ಸಂಜೆ ಬಂದೊಡನೆ, ಇಷ್ಟು ಸಾಕಾಗುತ್ತದೆ.

ಅಗಲುವಾಗಿನ ಅಳುವಿಗೆ ತಾಯಂದಿರು ಬಹಳ ನೊಂದುಕೊಳ್ಳುತ್ತಾರೆ. ಎಂಟು ತಿಂಗಳ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ ಈ ಅಂಜಿಕೆ ಎರಡು ಮೂರು ವರ್ಷದ ಹೊತ್ತಿಗೆ ತಾನಾಗಿ ಕಡಿಮೆಯಾಗುತ್ತದೆ. ಮಗು ಆಟದಲ್ಲಿದ್ದಾಗ ಕಳ್ಳಹೆಜ್ಜೆಯಲ್ಲಿ ಜಾರಿಕೊಳ್ಳುವುದು ಮಾತ್ರ ಕೂಡದು. ಹೇಳಿಯೇ ಹೊರಡಬೇಕು, ಹೊರಟ ಮೇಲೆ ತಿರುಗಿ ಬರಬಾರದು. ಕಾಲೇಜು ತೆರೆಯುವುದಕ್ಕೆ ಎರಡು ಮೂರು ವಾರ ಮೊದಲೇ, ಮೊದಲು ತಾಯಿಯೂ ಜೊತೆಗಿದ್ದು ಒಂದು ಗಂಟೆ, ಆಮೇಲೆ ಎರಡು ಗಂಟೆ, ಆಮೇಲೆ ಊಟದವರೆಗೆ ಎಂದು ರೂಢಿ ಮಾಡಿಸಿದರೆ ಅರ್ಧ ಅಳು ಕಡಿಮೆ. ವಾರಗಳು ಕಳೆದರೂ ಮಗು ದಿನವಿಡೀ ಮಂಕಾಗಿ, ಉಣ್ಣದೆ, ತೂಕ ಇಳಿದರೆ ಜಾಗ ಬದಲಿಸುವುದೇ ಲೇಸು.

ನಮ್ಮವರ ಇನ್ನೊಂದು ದುಗುಡ ಭಾಷೆಯದು. ಮಗು 'ನೀರು' ಎನ್ನದೆ 'ಪಾಣೀ' ಎಂದಾಗ ಅಜ್ಜನಿಗೆ ಕಸಿವಿಸಿ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ, ಬುದ್ಧಿ ಕಲಕುವುದೂ ಇಲ್ಲ. ಪಾಳಣಾಘರದ ಮಾವಶಿಯಿಂದ ಮರಾಠಿ ಬರಲಿ; ಸಂಜೆ ಆರರ ಮೇಲೆ ಮನೆಯಲ್ಲಿ ಕನ್ನಡವೇ ನಡೆಯಲಿ. ಆ ಮೂರು ಗಂಟೆಗಳಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸಿದರೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ.

ಇಷ್ಟೆಲ್ಲ ಸರಿಹೊಂದಿದ ಮೇಲೂ ಬಿ.ಎಡ್. ಓದುವವಳ ಲೆಕ್ಕ ತಪ್ಪುವುದು ಎರಡನೆಯ ವರ್ಷದ ಪಾಠಾಭ್ಯಾಸದ ಹದಿನಾರು ವಾರಗಳಲ್ಲಿ. ಬೆಳಗಿನ ಪಾಳಿಯ ಶಾಲೆ ಏಳಕ್ಕೇ ಆರಂಭ. ಪಾಳಣಾಘರದ ಬಾಗಿಲು ತೆರೆಯುವುದು ಎಂಟಕ್ಕೆ. ಡೊಂಬಿವಲಿಯ ಆ ಪರಿಚಿತಳ ಯಜಮಾನರು ತಮ್ಮ ಕಚೇರಿಯಲ್ಲಿ ಕೇಳಿ ಒಂದು ಗಂಟೆ ತಡವಾಗಿ ಬರುವ ಅನುಮತಿ ಪಡೆದು, ಮಗುವಿಗೆ ಸ್ನಾನ ಮಾಡಿಸಿ, ಗಂಜಿ ಉಣಿಸಿ, ಬಿಟ್ಟುಬರುವ ಕೆಲಸವನ್ನು ತಾವೇ ವಹಿಸಿಕೊಂಡರು. ಇಂಥ ಅನುಮತಿ ಸಿಗಲು ಸಮಯ ಹಿಡಿಯುತ್ತದೆ. ಆದುದರಿಂದ ಪಾಠಾಭ್ಯಾಸದ ಶಾಲೆ ಯಾವುದು, ಪಾಳಿ ಯಾವುದು ಎಂಬುದನ್ನು ಮೊದಲ ವರ್ಷದ ಕೊನೆಯಲ್ಲೇ ಕಾಲೇಜಿನಲ್ಲಿ ವಿಚಾರಿಸಿ, ಸಾಧ್ಯವಾದರೆ ಮನೆಯ ದಿಕ್ಕಿನ ಶಾಲೆಯನ್ನೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.