ದುರಂತದ ನಂತರ ಮನೆ ಬಾಗಿಲಿಗೆ ಬಂದವರು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಉರಿಯುವ ಕಣ್ಣು, ಕಟ್ಟಿದ ಉಸಿರಿಗೆ ಚಿಕಿತ್ಸೆ ಕೊಡಲು ವೈದ್ಯರು ಓಡಿ ಬಂದರು. ಆದರೆ ರಾತ್ರಿ ನಿದ್ದೆ ಹತ್ತದ ತಾಯಂದಿರನ್ನು, ಸಣ್ಣ ಸದ್ದಿಗೂ ಬೆಚ್ಚಿ ಏಳುವ ಮಕ್ಕಳನ್ನು ನೋಡುವವರಿರಲಿಲ್ಲ. ಆ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವೇ ಇರಲಿಲ್ಲ. ಮರುವರ್ಷ ಲಖನೌದ ಮನೋವೈದ್ಯರು ಅಲ್ಲಿನ ಕ್ಲಿನಿಕ್‌ಗಳಲ್ಲಿ ತಪಾಸಣೆ ನಡೆಸಿದರು. ಐವರಲ್ಲಿ ಒಬ್ಬರಿಗಾದರೂ ಖಿನ್ನತೆ, ಆತಂಕದಂಥ ತೊಂದರೆ ಕಂಡುಬಂತು. ಹೆಚ್ಚಿನವರು ಹೆಂಗಸರು.

ಇಷ್ಟು ಜನರಿಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರವು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿತ್ತು. 1970ರ ದಶಕದಿಂದಲೇ ಬನ್ನೇರುಘಟ್ಟ ರಸ್ತೆಯಾಚೆಯ ಸಕಲವಾರದಲ್ಲಿ ಆ ಸಂಸ್ಥೆಯ ತಜ್ಞರು ಹಳ್ಳಿ ಆಸ್ಪತ್ರೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸುತ್ತಿದ್ದರು. ಅದೇ ಅನುಭವ ಬೆನ್ನಿಗಿಟ್ಟುಕೊಂಡು ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಹೋದ್ಯೋಗಿಗಳು 1985ರಲ್ಲಿ ಭೋಪಾಲದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರು, ಅವರಿಗಾಗಿಯೇ ಕೈಪಿಡಿ ಬರೆದರು. ದುಃಖದ ಮನೆಗಳನ್ನು ನಿಮ್ಹಾನ್ಸ್ ಕಂಡದ್ದು ಅದೇ ಮೊದಲಲ್ಲ. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತಾಗ, ಹೆಚ್ಚಿನವರು ಮಕ್ಕಳೇ, ಆ ಕುಟುಂಬಗಳ ಶೋಕವನ್ನು ಅಲ್ಲಿನ ತಜ್ಞರು ಅಧ್ಯಯನ ಮಾಡಿದ್ದರು.

ನಿಜವಾದ ತಿರುವು 1999ರ ಅಕ್ಟೋಬರ್‌ನ ಒಡಿಶಾ ಚಂಡಮಾರುತದ ನಂತರ ಬಂತು. ಈ ಸಲ ತರಬೇತಿ ಪಡೆದವರು ವೈದ್ಯರಲ್ಲ, ಊರಿನವರೇ. ಅವರನ್ನು ‘ಸ್ನೇಹಕರ್ಮಿ’ಗಳೆಂದು ಕರೆದರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಹೆಜ್ಜೆ ಇದೇ. ಇಂಥ ಕಾರ್ಯಕರ್ತೆ ಮನೆಗೆ ಬಂದವಳೇ ಸತ್ತವರ ಸುದ್ದಿ ಎತ್ತುವುದಿಲ್ಲ. ರೇಷನ್ ಕಾರ್ಡ್ ಸಿಕ್ಕಿತೇ, ಪರಿಹಾರದ ಅರ್ಜಿ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾಳೆ, ಕಚೇರಿಗೆ ಜೊತೆಯಲ್ಲಿ ಹೋಗುತ್ತಾಳೆ. ಮಾತು ತಾನಾಗಿ ಬಂದಾಗ ತಡೆಯದೆ ಕೇಳುತ್ತಾಳೆ. ‘ಅಳಬೇಡಿ, ಆದದ್ದನ್ನು ಮರೆತುಬಿಡಿ’ ಎನ್ನುವ, ನಾವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಆಡುವ ಮಾತನ್ನು ಆಡುವುದಿಲ್ಲ. ಮಕ್ಕಳಿಗೆ ಆಟ, ಚಿತ್ರ ಬರೆಯುವುದು. ದೊಡ್ಡವರಿಗೆ ಕೈಗೊಂದು ಕೆಲಸ, ಪೂಜೆ, ಭಜನೆ. ಗಂಡ ಕುಡಿತಕ್ಕೆ ಬಿದ್ದಿದ್ದರೆ, ಸೊಸೆ ಮಾತು ಬಿಟ್ಟಿದ್ದರೆ, ಅಜ್ಜಿ ಊಟ ಬಿಟ್ಟಿದ್ದರೆ ಅವೆಲ್ಲ ಒಂದೇ ಏಟಿನ ಗುರುತುಗಳೆಂದು ಅವಳಿಗೆ ಗೊತ್ತು. ಯಾರಿಗೆ ಮಾತ್ರೆ ಬೇಕು, ಯಾರನ್ನು ಆಸ್ಪತ್ರೆಗೆ ಕಳಿಸಬೇಕು ಎಂಬುದೂ ಗೊತ್ತು.

2001ರ ಗುಜರಾತ್ ಭೂಕಂಪದಲ್ಲೂ 2004ರ ಸುನಾಮಿಯಲ್ಲೂ ಇದೇ ದಾರಿ ಮುಂದುವರಿಯಿತು. ತಮಿಳುನಾಡಿನ ಕರಾವಳಿಯಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದು, ಅಲೆಗೆ ಮಕ್ಕಳನ್ನೆಲ್ಲ ಕಳೆದುಕೊಂಡ ತಾಯಂದಿರಿದ್ದರು. ಮತ್ತೆ ಗರ್ಭ ಧರಿಸಲು ನೆರವಾಗುವ ಶಸ್ತ್ರಚಿಕಿತ್ಸೆಗೆ ಸರ್ಕಾರವೇ ಸಹಾಯ ಕೊಟ್ಟಿತು. ಹಾಗೆ ಹುಟ್ಟುವ ಮಗುವಿನ ಮೇಲೆ ಸತ್ತ ಮಗುವಿನ ಭಾರ ಬೀಳದಂತೆ ನೋಡಿಕೊಳ್ಳಲು ಮಾತ್ರ ಯಾವ ಶಸ್ತ್ರಚಿಕಿತ್ಸೆಯೂ ಇಲ್ಲ. ಅದಕ್ಕೆ ಆ ಮನೆಗೆ ವರ್ಷಗಟ್ಟಲೆ ಹೋಗಿ ಬರುವವರು ಬೇಕು.

2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮನೋಸಾಮಾಜಿಕ ನೆರವಿಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಭೋಪಾಲದಿಂದ ಅಲ್ಲಿಗೆ ಇಪ್ಪತ್ತೈದು ವರ್ಷ. 2022ರಲ್ಲಿ ‘ಟೆಲಿ ಮಾನಸ್’ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಬಂತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದು ದೊಡ್ಡ ಅನುಕೂಲವೇ. ಆದರೆ ಅದು ಮನೆಗೆ ಬರುವವರ ಬದಲಿಯಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಸುತ್ತ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಭಯ ಕಾಡುವುದು ಪರಿಹಾರ ಕೇಂದ್ರ ಮುಚ್ಚಿದ ಮೇಲೆ, ಮುಂದಿನ ಮಳೆಗಾಲದಲ್ಲಿ. ಜಿಲ್ಲೆಯ ಮುಂಗಾರು ಸಿದ್ಧತೆಯಲ್ಲಿ ದೋಣಿ, ಜೆಸಿಬಿಗಳ ಪಟ್ಟಿಯ ಜೊತೆಗೆ ಆ ಮನೆಗಳ ಪಟ್ಟಿಯೂ, ಜೂನ್‌ಗೆ ಮುಂಚೆ ಅಲ್ಲಿಗೆ ಹೋಗಬೇಕಾದ ಆಶಾ ಕಾರ್ಯಕರ್ತೆಯರ ಹೆಸರೂ ಇರಬೇಕು, ಆ ಓಡಾಟಕ್ಕೆ ಅವರಿಗೆ ಗೌರವಧನವೂ ಸಿಗಬೇಕು.