ಭಯೋತ್ಪಾದಕರು ಹೇಗೆ ರೂಪುಗೊಳ್ಳುತ್ತಾರೆ?

ಭಯೋತ್ಪಾದಕ ದಾಳಿ ನಡೆದ ಕೂಡಲೇ ಅದರ ಕಾರಣದ ಬಗ್ಗೆ ಊಹೆಗಳು ಹರಡುತ್ತವೆ. ಬಡತನ, ಅವಿದ್ಯೆ, ಹುಚ್ಚು, ಧರ್ಮಾಂಧತೆ ಇವು ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು. 1995ರ ಏಪ್ರಿಲ್ 19ರಂದು ಅಮೆರಿಕದ ಒಕ್ಲಹೋಮ ನಗರದಲ್ಲಿ ಸರ್ಕಾರಿ ಕಟ್ಟಡವೊಂದು ಸ್ಫೋಟಗೊಂಡು 168 ಜನ ಸತ್ತಾಗ, ಹಲವರ ಅನುಮಾನ ಮಧ್ಯಪ್ರಾಚ್ಯದವರ ಮೇಲೆ ಹೋಯಿತು. ಸಿಕ್ಕಿಬಿದ್ದವನು ಕೊಲ್ಲಿ ಯುದ್ಧದಲ್ಲಿ ಹೋರಾಡಿದ್ದ ಅಮೆರಿಕದ ಮಾಜಿ ಸೈನಿಕ ತಿಮೊಥಿ ಮೆಕ್‌ವೇ. 1993ರಲ್ಲಿ ಟೆಕ್ಸಾಸ್‌ನ ವೇಕೊ ಬಳಿ ಧಾರ್ಮಿಕ ಪಂಥವೊಂದರ ವಿರುದ್ಧ ಸರ್ಕಾರ ನಡೆಸಿದ ಕಾರ್ಯಾಚರಣೆಯಿಂದ ಅವನಲ್ಲಿ ಸರ್ಕಾರದ ವಿರುದ್ಧ ದ್ವೇಷ ಬೆಳೆದಿತ್ತು.

ಸಂಶೋಧನೆಗಳೂ ಇಂಥ ಸರಳ ಉತ್ತರಗಳನ್ನು ಒಪ್ಪುವುದಿಲ್ಲ. ಭಯೋತ್ಪಾದಕರಲ್ಲಿ ಎದ್ದುಕಾಣುವುದು ಮನೋರೋಗವಲ್ಲ, ಸಾಮಾನ್ಯತೆಯೇ ಎಂದು ರಾಜಕೀಯ ವಿಜ್ಞಾನಿ ಮಾರ್ಥಾ ಕ್ರೆನ್‌ಶಾ 1981ರಲ್ಲೇ ಬರೆದರು. ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್, ಬಡತನ ಅಥವಾ ಶಿಕ್ಷಣದ ಕೊರತೆಗೂ ಭಯೋತ್ಪಾದನೆಗೂ ನೇರ ನಂಟು ಕಾಣುವುದಿಲ್ಲ ಎಂದು ತೋರಿಸಿದರು. ಮನೋವೈದ್ಯ ಮಾರ್ಕ್ ಸೇಜ್‌ಮನ್ ಗೆಳೆತನ ಮತ್ತು ಬಂಧುತ್ವದ ಪಾತ್ರಕ್ಕೆ ಒತ್ತು ಕೊಟ್ಟರು: ಅನೇಕರು ಮೊದಲು ಗುಂಪಿಗೆ ಸೇರುತ್ತಾರೆ, ಸಿದ್ಧಾಂತ ಅಲ್ಲಿ ಗಟ್ಟಿಯಾಗುತ್ತದೆ.

ಅನ್ಯಾಯವಾಗಿದೆ ಎಂಬ ಭಾವನೆ, ಅದಕ್ಕೆ ಶತ್ರುವನ್ನು ತೋರಿಸಿಕೊಡುವ ಸಿದ್ಧಾಂತ, ಹಿಂಸೆಯನ್ನು ಸಮರ್ಥಿಸುವ ಸಂಗಾತಿಗಳು, ಕೃತ್ಯಕ್ಕೆ ಒದಗುವ ಅವಕಾಶ ಇವೆಲ್ಲ ಕೂಡಿದಾಗ ಅಪಾಯ ಹೆಚ್ಚುತ್ತದೆ. ಆದರೂ ಇದೇ ಪರಿಸ್ಥಿತಿಯಲ್ಲಿರುವ ಬಹುಪಾಲು ಜನ ಹಿಂಸೆಗೆ ಇಳಿಯುವುದಿಲ್ಲ. ಆದ್ದರಿಂದ ಒಂದೇ ಲಕ್ಷಣವನ್ನು ಹಿಡಿದು ಯಾರು ಭಯೋತ್ಪಾದಕರಾಗುತ್ತಾರೆಂದು ಗುರುತಿಸುವುದು ಸಾಧ್ಯವಿಲ್ಲ. ಹಾಗೆ ಮಾಡಹೊರಟರೆ ನಿರಪರಾಧಿಗಳು ಸಂಶಯಕ್ಕೆ ಗುರಿಯಾಗುತ್ತಾರೆ.